ಸನ್ಮಾನದ ಶಾಲಿನ ಮೇಲೆ ಕುಳಿತ ಕಂಪ್ಯೂಟರ್

ನಮ್ಮ ಊರಿನಲ್ಲಿ ಚಳಿ ಎಂಬುದು ಇಲ್ಲ. ವರ್ಷದಲ್ಲಿ ಒಂದು ನಾಲ್ಕು ದಿನ ಬೆಳಗ್ಗೆ ಮೈ ಸ್ವಲ್ಪ ತಣ್ಣಗಾದರೆ ಅದನ್ನೇ ಚಳಿ ಎಂದು ಹೇಳಿಕೊಂಡು ತಿರುಗುತ್ತೇವೆ. ಹಾಗಿದ್ದರೂ ಇಲ್ಲಿ ಯಾರಿಗಾದರೂ ಮರ್ಯಾದೆ ಮಾಡಬೇಕೆಂದರೆ ಶಾಲು ಹೊದಿಸುತ್ತಾರೆ. ಏಪ್ರಿಲ್ ತಿಂಗಳ ಸೆಕೆ, ಶಾಮಿಯಾನದ ಅಡಿಯಲ್ಲಿ ಕುರ್ಚಿ, ಕುತ್ತಿಗೆಗೆ ಹಾರ, ಮಂಡೆಗೆ ಪೇಟ, ಅದರ ಮೇಲೆ ಜರಿಯ ದಪ್ಪ ಶಾಲು. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿರುತ್ತದೆ, ಮನುಷ್ಯ ಕೈಮುಗಿದು ಹಲ್ಲು ಬಿಡುತ್ತಿರುತ್ತಾನೆ.

ನನ್ನ ಮಗ ಹೀಗೆ ಹಲ್ಲು ಬಿಟ್ಟ ಫೋಟೋಗಳು ಒಂದು ಗೋಡೆ ತುಂಬುವಷ್ಟಿವೆ. ಅವನು ಗಲ್ಫಿನಲ್ಲಿ ಏಸಿ ರಿಪೇರಿ ಮಾಡಿಕೊಂಡಿದ್ದು ಈಗ ಊರಿಗೆ ಬಂದು ಬಂಟ್ವಾಳದಲ್ಲಿ ಮನೆ ಕಟ್ಟಿಸಿದವನು. ಯುವಕ ಮಂಡಲ, ಶಾಲೆಯ ವಾರ್ಷಿಕೋತ್ಸವ, ಕಬಡ್ಡಿ ಪಂದ್ಯ, ಎಲ್ಲಿ ಮೈಕ್ ಕಟ್ಟಿದರೂ ಇವನು ಚಂದಾ ಕೊಡುತ್ತಾನೆ, ಅವರು ಶಾಲು ಕೊಡುತ್ತಾರೆ. ಅವನ ಹೆಂಡತಿ ಬುದ್ಧಿವಂತೆ. ಕಪಾಟಿನಲ್ಲಿ ಸೀರೆ ಇಡಲು ಜಾಗ ಇಲ್ಲವೆಂದು ಆ ಶಾಲುಗಳನ್ನೆಲ್ಲ ಗಂಟು ಕಟ್ಟಿ ನಮ್ಮ ಮನೆಗೆ ಸಾಗಹಾಕಿದಳು.

ನಾವಿರುವುದು ವಿಟ್ಲದಲ್ಲಿ, ಕನ್ಯಾನಕ್ಕೆ ಹೋಗುವ ರಸ್ತೆಯ ಬದಿಗೆ. ಮನೆಯಲ್ಲಿ ನಾನು, ನನ್ನ ಮಗಳು, ಅವಳ ಮಗಳು. ಅಳಿಯ ಲಾರಿಯವನು, ಮನೆಗಿಂತ ಹೆಚ್ಚು ರಸ್ತೆಯಲ್ಲಿರುತ್ತಾನೆ, ಈ ಕಥೆಯಲ್ಲಿ ಅವನ ಪಾಲು ಏನೂ ಇಲ್ಲ. ನಾನು ಕಣ್ಣು ಸರಿ ಇದ್ದಷ್ಟು ಕಾಲ ಬೀಡಿ ಕಟ್ಟಿದೆ. ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೆ.

ನನ್ನ ಮಗಳಿಗೆ ತಮ್ಮನ ಶಾಲು ಎಂದರೆ ದೇವರ ಪ್ರಸಾದ. ಬಿಸಾಡುವ ಹಾಗಿಲ್ಲ, ಕೊಡುವ ಹಾಗಿಲ್ಲ. ಟಿವಿಗೆ ಒಂದು ಶಾಲು. ಮಿಕ್ಸಿಗೆ ಒಂದು. ಫ್ರಿಜ್ಜಿನ ಮೇಲೆ ಒಂದು, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಗ್ಯಾಸ್ ಸಿಲಿಂಡರಿಗೂ ಹಸಿರು ಅಂಚಿನದ್ದೊಂದು ಸುತ್ತಿದ್ದಾಳೆ, ಅದೇನು ಪಂಚಾಯತ್ ಅಧ್ಯಕ್ಷನೋ ಎಂಬಂತೆ. ಹೊಸಬರು ಮನೆಗೆ ಬಂದರೆ ಯಾರು ಯಂತ್ರ, ಯಾರು ಗಣ್ಯರು ಎಂದು ಗೊತ್ತಾಗುವುದಿಲ್ಲ. ನಮಗೆ ಮಾತ್ರ ನೋಡಿ ನೋಡಿ ಅವು ಕಾಣುವುದೇ ಇಲ್ಲ.

ಮೊಮ್ಮಗಳ ಕೆಲಸ ಮದುವೆಯ ವಿಡಿಯೋ ಎಡಿಟ್ ಮಾಡುವುದು. ಚಿತ್ರ ತೆಗೆಯುವವರು ಸ್ಟುಡಿಯೋದವರು, ಅದನ್ನು ಕತ್ತರಿಸಿ ಜೋಡಿಸಿ ಹಾಡು ಹಾಕಿ ಕೊಡುವವಳು ಇವಳು. ಈಗಿನ ಮದುವೆಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನೆಂಟರು ಎಲೆಯ ಮುಂದೆ ಕಾದು ಕುಳಿತಿರುತ್ತಾರೆ, ಮದುಮಕ್ಕಳು ಗದ್ದೆಯ ಬದಿಯಲ್ಲಿ ಹಿಂದೆ ಮುಂದೆ ಓಡುತ್ತಿರುತ್ತಾರೆ, ತಲೆಯ ಮೇಲೆ ಡ್ರೋನ್ ಗುಂಯ್ ಎನ್ನುತ್ತಿರುತ್ತದೆ. ಎರಡು ಹೆಜ್ಜೆ ನಡೆದು ತಿರುಗಿ ನೋಡಿ ನಗು ಎಂದು ಕ್ಯಾಮರಾದವನು ಹೇಳಿದರೆ ಮದುಮಗಳು ಎಷ್ಟು ಸಲ ಬೇಕಾದರೂ ನಗುತ್ತಾಳೆ. ಅತ್ತೆಯ ಮುಖ ನೋಡಿ ಒಂದು ಸಲ ನಗಲು ಅವಳಿಗೆ ಪುರುಸೊತ್ತಿಲ್ಲ. ಆದರೆ ಅದನ್ನೆಲ್ಲ ಕುಳಿತು ನೋಡಿ, ಬೇಡದ್ದು ತೆಗೆದು, ಬೇಕಾದ್ದು ಉಳಿಸುವ ಕೆಲಸ ಹುಡುಗಿ ಚೆನ್ನಾಗಿ ಮಾಡುತ್ತಾಳೆ. ಬೀಡಿ ಎಲೆ ಕತ್ತರಿಸುವುದೂ ಹಾಗೆಯೇ, ಯಾವುದು ಬಿಡಬೇಕು ಎಂದು ಗೊತ್ತಿರಬೇಕು.

ಮಾವನಿಗೆ, ಅಂದರೆ ನನ್ನ ಮಗನಿಗೆ, ಈ ಕೆಲಸ ಕಂಡರೆ ಆಗುವುದಿಲ್ಲ. ಬಂಟ್ವಾಳದ ಒಂದು ಸೊಸೈಟಿಯಲ್ಲಿ ಕೌಂಟರಿನ ಹಿಂದೆ ಕೂರುವ ಕೆಲಸವನ್ನು ಅವನು ಅವಳಿಗೆಂದು ಮಾತಾಡಿ ಇಟ್ಟಿದ್ದ.

"ಅಲ್ಲಿ ಫ್ಯಾನ್ ಉಂಟು, ರಜೆ ಉಂಟು. ಹೆಣ್ಣು ನೋಡಲು ಬಂದವರಿಗೆ ಹೇಳಲಿಕ್ಕೆ ಒಂದು ಹೆಸರುಂಟು. ಇಲ್ಲಿ ಎಂತ ಹೇಳುವುದು? ಕಂಡವರ ಮದುವೆ ನೋಡಿಕೊಂಡು ಮನೆಯಲ್ಲಿ ಕೂತಿದ್ದಾಳೆ ಅಂತವಾ?"

ನಮ್ಮವರಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು. ಅಪ್ಪ ಬೇಡವೆಂದರೆ ಜಗಳವಾದರೂ ಮಾಡಬಹುದು, ಮಾವ ಬೇಡವೆಂದರೆ ಮನೆಯೇ ಸುಮ್ಮನಾಗುತ್ತದೆ. ಹುಡುಗಿ ಸುಮ್ಮನಾಗಲಿಲ್ಲ. ಮೂಡಬಿದ್ರೆಯ ಒಂದು ಸ್ಟುಡಿಯೋದವನು ತೋಡಾರಿನಲ್ಲಿ ನಡೆದ ಮದುವೆಯೊಂದನ್ನು ಪರೀಕ್ಷೆಗೆಂದು ಅವಳಿಗೆ ಕೊಟ್ಟಿದ್ದ. ಅದು ಚೆನ್ನಾಗಿ, ಹೇಳಿದ ದಿನಕ್ಕೆ ಬಂದರೆ ಇನ್ನು ಮುಂದೆ ಅವನ ಎಡಿಟಿಂಗ್ ಎಲ್ಲ ಇವಳಿಗೆ. ಹಾಗಾಗಿ ಮಾವನ ಮುಂದೆ ನಿಂತು ಮಾತು ಕೊಟ್ಟಳು: ಈ ಒಂದು ಮದುವೆ ಸರಿಯಾಗಿ ಕೊಡುತ್ತೇನೆ, ಕೊಡದಿದ್ದರೆ ಸೊಸೈಟಿಯ ಕುರ್ಚಿಯಲ್ಲಿ ಹೋಗಿ ಕೂರುತ್ತೇನೆ, ಎದುರು ಮಾತಾಡುವುದಿಲ್ಲ.

ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಕೆಲಸ ಆಗುತ್ತಿರಲಿಲ್ಲ. ಅದಕ್ಕೆ ದೊಡ್ಡ ಕಂಪ್ಯೂಟರ್ ಬೇಕು, ಅಂಗಡಿಯಲ್ಲಿ ಮಾಡಿಟ್ಟದ್ದು ತರುವುದಕ್ಕಿಂತ ಬಿಡಿ ಸಾಮಾನು ತರಿಸಿ ತಾನೇ ಕಟ್ಟುತ್ತೇನೆ ಎಂದಳು. ಕೊರಿಯರಿನವನು ಒಂದೊಂದೇ ಪೆಟ್ಟಿಗೆ ತಂದು ಹಾಕಿದ. ಅವಳು ಚಾವಡಿಯಲ್ಲಿ ಬೆಡ್‌ಶೀಟ್ ಹಾಸಿ ಕಾಲು ಮಡಚಿ ಕುಳಿತು ಫೋನಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಹೇಳುವುದನ್ನು ನೋಡಿ ನೋಡಿ ಕಟ್ಟಿದಳು. ಅದೇ ಜಾಗದಲ್ಲಿ ನಾನು ಎಲೆ ತುಂಬಿದ ಬಿದಿರಿನ ಗೆರಸೆ ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆ. ಬೆನ್ನು ಬಗ್ಗಿದ್ದು ಕೂಡ ನನ್ನ ಹಾಗೆಯೇ. ನೋಡಿ ನನಗೇನೂ ಸಂತೋಷವಾಗಲಿಲ್ಲ.

ಇಟ್ಟಿಗೆಗಿಂತ ದಪ್ಪದ ಒಂದು ಕಪ್ಪು ಡಬ್ಬ ಇತ್ತು, ಒಂದು ಮುಖದಲ್ಲಿ ಫ್ಯಾನ್. ಅದಕ್ಕೆ ಪವರ್ ಸಪ್ಲೈ ಎನ್ನುತ್ತಾರೆ. ಗೋಡೆಯ ಕರೆಂಟು ಮೊದಲು ಅದಕ್ಕೆ ಬಂದು, ಅಲ್ಲಿಂದ ಒಳಗಿನ ಎಲ್ಲರಿಗೂ ಹಂಚಿಹೋಗುವುದಂತೆ. ಅದನ್ನು ಅವಳು ಕ್ಯಾಬಿನೆಟ್ಟಿನ, ಅಂದರೆ ಆ ಕಬ್ಬಿಣದ ಪೆಟ್ಟಿಗೆಯ, ತಳದಲ್ಲಿ ಫ್ಯಾನ್ ಕೆಳಗೆ ಮಾಡಿ ಕೂರಿಸಿದಳು. ಅಷ್ಟು ಹೊತ್ತಿಗೆ ಮಾವ ಬಂದ. ಚಪ್ಪಲಿ ಬಿಡುವ ಮೊದಲೇ ತಪ್ಪು ಹಿಡಿದ.

"ಇದೆಂತದು, ಫ್ಯಾನ್ ನೆಲ ನೋಡುವುದು? ಬಾವಲಿಯಾ ಅದು?"

"ಅದು ಹಾಗೆಯೇ ಮಾವ. ಪೆಟ್ಟಿಗೆಯ ಅಡಿಯಲ್ಲಿ ತೂತು ತೂತಿನ ಜಾಲಿ ಉಂಟು. ಅಲ್ಲಿಂದ ತಣ್ಣಗಿನ ಗಾಳಿ ಎಳೆದು ಹಿಂದಿನಿಂದ ಬಿಸಿ ಹೊರಗೆ ಹಾಕ್ತದೆ."

"ಬಿಸಿ ಮೇಲೆ ಹೋಗುವುದು ಮಾರಾಯ್ತಿ! ಮರುಭೂಮಿಯಲ್ಲಿ ಏಸಿ ಕೂರಿಸಿದವನಿಗೆ ನೀನು ಗಾಳಿ ಕಲಿಸ್ಲಿಕ್ಕೆ ಬರ್ತೀಯಾ?"

"ಈ ಫ್ಯಾನ್ ಊದುವುದಲ್ಲ ಮಾವ, ಎಳೆಯುವುದು."

"ಎಳೆಯುವುದಾದರೆ ಮೇಲಿಂದ ಎಳೆಯಲಿ."

"ಮೇಲೆ ಗ್ರಾಫಿಕ್ಸ್ ಕಾರ್ಡ್ ಉಂಟು, ಒಲೆಯ ಹಾಗೆ ಬಿಸಿ ಆಗ್ತದೆ. ಆ ಬಿಸಿಯನ್ನೇ ಇದಕ್ಕೆ ಕುಡಿಸುವುದಾ?"

ಅವನು ನನ್ನ ಕಡೆ ತಿರುಗಿದ. "ನೋಡಿದಿರಾ ಅಮ್ಮ, ಬಾಯಿ."

ನಾನು ಹುಡುಗಿಯನ್ನು ಕೇಳಿದೆ, "ಎರಡೂ ತರ ಕೂರಿಸ್ಲಿಕ್ಕೆ ಆಗ್ತದಾ?"

"ಆಗ್ತದೆ ಅಜ್ಜಿ. ಅಡಿಯಲ್ಲಿ ಗಾಳಿಗೆ ದಾರಿ ಇದ್ದರೆ ಕೆಳಮುಖ. ಇಲ್ಲದಿದ್ದರೆ ಮೇಲ್ಮುಖ. ಅಷ್ಟೇ."

"ಅಷ್ಟೇ ಆದರೆ ಇಷ್ಟು ಗಲಾಟೆ ಎಂತಕ್ಕೆ?" ಎಂದೆ.

ನನಗೆ ಅರ್ಥವಾದದ್ದು ನನ್ನ ಕೆಲಸದ ಲೆಕ್ಕದಲ್ಲಿ. ಬೀಡಿಯನ್ನು ತೀರಾ ಬಿಗಿಯಾಗಿ ಕಟ್ಟಿದರೆ ನೋಡಲು ಚಂದ, ಆದರೆ ಎಳೆದರೆ ಗಾಳಿ ಬರುವುದಿಲ್ಲ. ಬೀಡಿ ತೆಗೆದುಕೊಳ್ಳುವ ಬ್ರಾಂಚಿನವನು ಅಂಥದ್ದನ್ನು ಬೆರಳಿನಲ್ಲಿ ಒತ್ತಿ ನೋಡಿ ಮುಖಕ್ಕೆ ಬಿಸಾಡುತ್ತಿದ್ದ. ಒಂದು ತುದಿಯಿಂದ ಒಳಗೆ ಬರಬೇಕು, ಇನ್ನೊಂದು ತುದಿಯಿಂದ ಹೊರಗೆ ಹೋಗಬೇಕು. ಈ ಪೆಟ್ಟಿಗೆಗೂ ಮುಂದಿನಿಂದ ಗಾಳಿ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ತಳದ ಡಬ್ಬಕ್ಕೆ ಮಾತ್ರ ಅದರದ್ದೇ ಬೇರೆ ದಾರಿ. ಇದರಲ್ಲಿ ಮರುಭೂಮಿಗೆ ಹೋಗಿ ಕಲಿಯುವಂಥದ್ದು ಏನೂ ನನಗೆ ಕಾಣಲಿಲ್ಲ.

ಕಟ್ಟಿ ಮುಗಿಯಿತು. ದೀಪ ಬಂತು, ಫ್ಯಾನುಗಳು ತಿರುಗಿದವು. ಆಗ ನನ್ನ ಮಗಳು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದಳು. ಕಂಪ್ಯೂಟರ್ ನೆಲದ ಮೇಲಿರುವುದು ನೋಡಿ ಎದೆಗೆ ಕೈ ಇಟ್ಟುಕೊಂಡಳು.

"ವಿದ್ಯೆ ಕೊಡುವುದನ್ನು ಕಾಲಡಿಯಲ್ಲಿ ಇಡುವುದಾ? ಸರಸ್ವತಿ ಅಲ್ವಾ ಅದು!"

ಅದು ಇನ್ನೊಬ್ಬರ ಮದುವೆ ತೋರಿಸುವ ಸರಸ್ವತಿ. ಆದರೂ ಹಲಸಿನ ಮರದ ಮಣೆ ಬಂತು. ಬರಿಯ ಮಣೆಯ ಮೇಲೆ ಕೂರಿಸುವುದು ಸಮ ಅಲ್ಲವೆಂದು ತಮ್ಮನ ಶಾಲುಗಳಲ್ಲಿ ಅತಿ ದಪ್ಪದ್ದು, ಕೆಂಪು ಬಣ್ಣದ್ದು, ಯಾವುದೋ ಶಾಲೆಯ ಹಬ್ಬದಲ್ಲಿ ಸಿಕ್ಕಿದ್ದು, ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಅದರ ಮೇಲೆ ಪೆಟ್ಟಿಗೆ. ಮುಂಭಾಗಕ್ಕೆ ಕುಂಕುಮ, ತಲೆಯ ಮೇಲೆ ಸೇವಂತಿಗೆ, ಬಾಗಿಲಲ್ಲಿ ತೆಂಗಿನಕಾಯಿ. ತಮ್ಮನಿಗೆ ಅದು ತುಂಬ ಹಿಡಿಸಿತು. ತನ್ನ ಶಾಲು ತಳದಲ್ಲಿರುವ ಹಾಗೆ ಬಗ್ಗಿ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ.

ಮೊಮ್ಮಗಳು ಹೂವು ಮಾತ್ರ ತೆಗೆದಳು, ಎಸಳು ಒಳಗೆ ಬಿದ್ದರೆ ಫ್ಯಾನಿಗೆ ಸಿಕ್ಕುತ್ತದೆ ಎಂದು. ಹೂವು ಕಂಡಿತು, ಶಾಲು ಕಾಣಲಿಲ್ಲ. ನನಗೂ ಕಾಣಲಿಲ್ಲ. ಹೇಳಿದೆನಲ್ಲ, ಈ ಮನೆಯಲ್ಲಿ ಇರುವವರಿಗೆ ಅದು ಕಾಣುವುದಿಲ್ಲ.

ಕೆಲವು ದಿನ ಎಲ್ಲ ಸರಿ ಇತ್ತು. ಕತ್ತರಿಸುವುದು, ಜೋಡಿಸುವುದು, ಬಣ್ಣ ಸರಿ ಮಾಡುವುದು, ಆ ಸಣ್ಣ ಕೆಲಸಗಳಿಗೆ ಯಂತ್ರ ಏನೂ ಹೇಳಲಿಲ್ಲ. ಕೊನೆಗೆ ತುಂಡುಗಳನ್ನೆಲ್ಲ ಕೂಡಿಸಿ ಒಂದೇ ಸಿನಿಮಾ ಮಾಡಿ ಹೊರಗೆ ತೆಗೆಯುವುದುಂಟು, ರೆಂಡರ್ ಎನ್ನುತ್ತಾಳೆ. ಆಗ ಯಂತ್ರ ಮೈಯೆಲ್ಲ ದುಡಿಯಬೇಕು. ಅದಕ್ಕೆ ಹಾಕಿ ಊಟಕ್ಕೆ ಕುಳಿತೆವು. ಸಾರಿಗೆ ಕೈ ಹಾಕುವಾಗ ಟಪ್ ಎಂದಿತು. ಕರೆಂಟು ಹೋಗಿರಲಿಲ್ಲ, ನಮ್ಮ ತಲೆಯ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿತ್ತು. ಕಂಪ್ಯೂಟರ್ ಮಾತ್ರ ಯಾರೋ ಕುತ್ತಿಗೆ ಹಿಸುಕಿದ ಹಾಗೆ ಸತ್ತಿತ್ತು.

ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಎದ್ದಿತು. ಮತ್ತೆ ರೆಂಡರಿಗೆ ಹಾಕಿದಳು, ಮತ್ತೆ ಟಪ್. ಮರುದಿನವೂ ಅದೇ. ಹುಡುಗಿ ವಯರುಗಳನ್ನೆಲ್ಲ ಬಿಚ್ಚಿ ಹಾಕಿದಳು, ಇನ್ನೊಂದು ಪ್ಲಗ್ಗಿಗೆ ಕೊಟ್ಟು ನೋಡಿದಳು. ಪರದೆಯಲ್ಲಿ ಒಳಗಿನ ಬಿಸಿ ತೋರಿಸುವ ಅಂಕಿಗಳಿವೆ, ಅದನ್ನೇ ನೋಡುತ್ತ ಕುಳಿತಳು.

"ಎಲ್ಲ ಸರಿಯಾಗಿಯೇ ತೋರಿಸ್ತದೆ ಅಜ್ಜಿ. ಕಾರ್ಡ್ ಬಿಸಿ ಇಲ್ಲ, ಪ್ರೊಸೆಸರ್ ಬಿಸಿ ಇಲ್ಲ. ಮತ್ತೆ ಎಂತಕ್ಕೆ ಹೋಗುವುದು?"

"ಆ ತಳದ ಡಬ್ಬ?"

"ಅದರ ಬಿಸಿ ತೋರಿಸುವುದಿಲ್ಲ ಇದರಲ್ಲಿ. ಅದೇ ಹಾಳಾಗಿ ಬಂದಿದೆಯಾ ಅಂತ ಹೆದರಿಕೆ. ಬದಲಿಸಿ ಕಳಿಸ್ಲಿಕ್ಕೆ ವಾರ ಹಿಡೀತದೆ. ಅಷ್ಟರಲ್ಲಿ ಎಲ್ಲ ಮುಗೀತದೆ."

ಪೆಟ್ಟಿಗೆಯ ಪಕ್ಕದ ಬಾಗಿಲು ಬಿಚ್ಚಿ ನೋಡುತ್ತಾಳೆ, ಹಿಂದೆ ಟಾರ್ಚ್ ಹಾಕಿ ನೋಡುತ್ತಾಳೆ. ಅಡಿಗೆ ಬಗ್ಗಿ ನೋಡಲಿಲ್ಲ. ಇಷ್ಟೆಲ್ಲ ಓದಿ, ಗಾಳಿ ಅಡಿಯಿಂದ ಬರುತ್ತದೆ ಎಂದು ಮಾವನಿಗೆ ಪಾಠ ಹೇಳಿದವಳು ಆ ಅಡಿಗೇ ಬಗ್ಗಲಿಲ್ಲ. ಅವಳ ಮಂಡೆಗೂ ನಾನು ಹೆಚ್ಚು ಮಾರ್ಕು ಕೊಡುವುದಿಲ್ಲ.

ನನ್ನ ಮಗಳು ದೃಷ್ಟಿ ಆಗಿದೆ ಎಂದಳು. ಫೋಟೋ ಕಳಿಸಿದ್ದು ಯಾರ ಯಾರ ಕಣ್ಣಿಗೆ ಬಿತ್ತೋ ಎಂದು ಉಪ್ಪು, ಮೆಣಸು ಹಿಡಿದು ಯಂತ್ರಕ್ಕೆ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನ ಘಾಟಿಗೆ ನಾವು ಮೂವರೂ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದೆವು. ದೃಷ್ಟಿ ಹಾಕಿದವರಿಗೆ ಏನಾಯಿತೋ ಗೊತ್ತಿಲ್ಲ.

ಸುದ್ದಿ ಬಂಟ್ವಾಳಕ್ಕೆ ಮುಟ್ಟಿತು. ಮುಟ್ಟಿಸಿದವಳು ನನ್ನ ಮಗಳೇ, ತಮ್ಮನಿಗೆ ಹೇಳದಿದ್ದರೆ ಅವಳಿಗೆ ಅನ್ನ ಸೇರುವುದಿಲ್ಲ. ಅವನು ಬಂದು ಕುರ್ಚಿಯಲ್ಲಿ ಕುಳಿತು ತೊಡೆ ತಟ್ಟಿದ.

"ನಾನು ಅವತ್ತೇ ಹೇಳಿದ್ದೆ. ಹೇಳಿದ್ದೆನಾ ಇಲ್ವಾ ಅಕ್ಕ?"

"ಹೇಳಿದ್ದಿ."

"ಮೇಲ್ಮುಖ ಮಾಡು ಅಂದೆ. ಕೇಳಿದಳಾ?"

"ಮಾವ, ಅದು ಕಾರಣ ಅಲ್ಲ," ಎಂದಳು ಹುಡುಗಿ.

"ಮತ್ತೆ ಯಾವುದು ಕಾರಣ? ಹೇಳು. ಗೊತ್ತುಂಟಾ?"

ಅವಳಿಗೆ ಗೊತ್ತಿರಲಿಲ್ಲ. ಅವನು ಟೇಬಲ್ ಫ್ಯಾನ್ ತಂದು ಬಿಚ್ಚಿದ ಬದಿಗೆ ಹಿಡಿದು ಜೋರಾಗಿ ಬಿಟ್ಟ. ಕುಂಕುಮವೆಲ್ಲ ಹಾರಿ ಒಳಗೆ ಹೋಯಿತು. ಯಂತ್ರ ಸ್ವಲ್ಪ ಓಡಿದಂತೆ ಮಾಡಿ ಮತ್ತೆ ಟಪ್. ಏಸಿಯವನ ವಿದ್ಯೆ ಅಲ್ಲಿಗೆ ನಿಂತಿತು, ಬಾಯಿ ನಿಲ್ಲಲಿಲ್ಲ.

ಕೊಡಬೇಕಾದ ದಿನ ಬಂದೇಬಿಟ್ಟಿತು. ಮೂಡಬಿದ್ರೆಯ ಸ್ಟುಡಿಯೋದವನು ಫೋನ್ ಎತ್ತುತ್ತಿರಲಿಲ್ಲ. ಮದುವೆ ಸೀಸನ್ನಿನಲ್ಲಿ ಅವರು ಫೋನ್ ಎತ್ತುವುದಿಲ್ಲ. ಎದುರಿಗೆ ನಿಂತು ಒಂದು ದಿನ ಜಾಸ್ತಿ ಕೇಳುತ್ತೇನೆಂದು ಹುಡುಗಿ ಬೆಳಗ್ಗೆಯೇ ಬಸ್ಸು ಹತ್ತಿದಳು. ವಿಟ್ಲದಿಂದ ಮೂಡಬಿದ್ರೆಗೆ ಬಸ್ಸು ಬದಲಿಸಿಕೊಂಡು, ನಿಂತುಕೊಂಡು, ಬೆವರಿಕೊಂಡು ಹೋಗಬೇಕು. ಹೋಗುವಾಗ ಅವಳ ಮುಖ ನೋಡಿದೆ. ಸೊಸೈಟಿಯ ಕೌಂಟರಿನ ಕಂಬಿಯ ಹಿಂದೆ ಈಗಾಗಲೇ ಕುಳಿತವಳ ಮುಖ.

ಅವಳು ಹೋದ ಸ್ವಲ್ಪ ಹೊತ್ತಿಗೆ ನನ್ನ ಮಗ ಸ್ಕ್ರೂಡ್ರೈವರ್ ಹಿಡಿದು ಬಂದ. ಅವನ ಅಕ್ಕ ರೇಷನ್ ತರಲು ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳು.

"ಅವಳನ್ನು ಕೇಳಿದ್ದೀಯಾ?" ಎಂದೆ.

"ಕೇಳುವುದೆಂತ? ಸರಿ ಮಾಡಿದರೆ ಸಾಲದಾ?"

ಹಿಂದಿನ ಸ್ಕ್ರೂ ಸುಲಭವಾಗಿ ಸಿಗಲೆಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿದ. ಪೆಟ್ಟಿಗೆಯ ಜೊತೆಗೆ ಶಾಲೂ ಎದ್ದು ಬಂತು. ಮಣೆ ಕೆಳಗೆ ಉಳಿಯಿತು, ಶಾಲು ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡು ಜೋತಾಡಿತು, ನಾಯಿ ಬಾಯಲ್ಲಿ ಕಚ್ಚಿ ಹಿಡಿದ ಬಟ್ಟೆಯ ಹಾಗೆ. ಜಾಲಿಯ ತೂತುಗಳ ಒಳಕ್ಕೆ ಅದರ ಜರಿಯ ಎಳೆಗಳು ಹೊಕ್ಕಿದ್ದವು. ಅವನು ಎಳೆದ, ಕಿತ್ತು ಬಂತು. ಮಡಿಕೆ ಬಿಚ್ಚಿ ಹಿಡಿದ.

ಕೆಂಪು ಶಾಲಿನ ಮೇಲೆ ಚಾ ಸಾಸರಿನಷ್ಟು ದೊಡ್ಡ ಒಂದು ಕಪ್ಪು ವೃತ್ತ. ಧೂಳು ಕುಳಿತು ಆದದ್ದು. ಫ್ಯಾನಿನ ಅಂಚು, ನಡುವಿನ ಗುಂಡು, ಎಲ್ಲ ಅಚ್ಚು ಹಾಕಿದ ಹಾಗೆ ಇತ್ತು. ಡಬ್ಬದ ಫ್ಯಾನ್ ಇಷ್ಟು ದಿನ ಗಾಳಿಯೆಂದು ಎಳೆದದ್ದು ಇವನ ಸನ್ಮಾನವನ್ನು.

ಅವನು ಶಾಲು ನೋಡಿದ. ನನ್ನನ್ನು ನೋಡಿದ. ಏಸಿಯ ಮುಂದೆ ಪರದೆ ಬಿದ್ದರೆ ಏನಾಗುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅವನ ಕಿವಿ ಕೆಂಪಾದದ್ದರಲ್ಲಿ ನನಗೂ ಗೊತ್ತಾಯಿತು, ಸಣ್ಣವನಿದ್ದಾಗಲೂ ಬೆಲ್ಲ ಕದ್ದರೆ ಅವನಿಗೆ ಮೊದಲು ಕೆಂಪಾಗುತ್ತಿದ್ದದ್ದು ಕಿವಿಯೇ.

"ಇದು ಎಂತದೂ ಅಲ್ಲ ಅಮ್ಮ," ಎಂದ.

"ನಾನು ಎಂತದೂ ಕೇಳಲಿಲ್ಲ," ಎಂದೆ.

ಅವನು ವೃತ್ತ ಒಳಗೆ ಹೋಗುವ ಹಾಗೆ ಶಾಲನ್ನು ಮಡಚಿ ಅಕ್ಕಿ ಡಬ್ಬದ ಹಿಂದೆ ತುರುಕಿದ. ಮತ್ತೆ ಸ್ಕ್ರೂ ಬಿಚ್ಚಿ ಪವರ್ ಸಪ್ಲೈಯನ್ನು ಹೊರಳಿಸಿ ಫ್ಯಾನ್ ಮೇಲೆ ಮಾಡಿ ಕೂರಿಸಿದ. ಪೆಟ್ಟಿಗೆಯನ್ನು ಬರಿಯ ಮಣೆಯ ಮೇಲೆ ಇಟ್ಟ. ನಾನು ಸುಮ್ಮನೆ ನೋಡುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಎಲ್ಲಿಯವರೆಗೆ ಹೋಗುತ್ತದೆ ನೋಡುವ ಎಂದು.

ಸಾಕಷ್ಟು ದೂರ ಹೋಯಿತು. ಅಕ್ಕ ಬಂದ ಕೂಡಲೇ "ಮುಗೀತು, ಸರಿ ಮಾಡಿದೆ" ಎಂದ. ಹೆಂಡತಿಗೆ ಫೋನ್ ಮಾಡಿ ಹೇಳಿದ. ಸೊಸೈಟಿಯವನಿಗೂ ಫೋನ್ ಮಾಡಿ, ಹುಡುಗಿ ಮುಂದಿನ ವಾರ ಬರುತ್ತಾಳೆ, ಮನೆಯ ಕಂಪ್ಯೂಟರ್ ಕೆಲಸ ಅವಳಿಗೆ ಆಗುವಂಥದ್ದಲ್ಲ, ನಾನೇ ಬಂದು ರಿಪೇರಿ ಮಾಡಬೇಕಾಯಿತು ಎಂದ. ನನ್ನ ಮಗಳು ಸಂತೋಷಕ್ಕೆ ಅವನಿಗೆ ನೀರುದೋಸೆ ಹೊಯ್ದಳು. ತಿಂದ. ಚೆನ್ನಾಗಿಯೇ ತಿಂದ.

ಮಧ್ಯಾಹ್ನ ಕಳೆದು ಮೊಮ್ಮಗಳು ಬಂದಳು. ನಾಳೆ ಸಂಜೆಯವರೆಗೆ ಸಮಯ ಕೊಟ್ಟಿದ್ದಾನಂತೆ, ಅದೂ ಮುಖ ಗಂಟು ಹಾಕಿಕೊಂಡು. ಒಳಗೆ ಕಾಲಿಟ್ಟವಳು ಪೆಟ್ಟಿಗೆ ನೋಡಿ ನಿಂತಳು.

"ಯಾರು ತೆಗೆದದ್ದು?"

"ನಾನು. ಈಗ ಹಾಕು ನಿನ್ನ ರೆಂಡರ್," ಎಂದ ಮಾವ.

ಹಾಕಿದಳು. ಎಲ್ಲರೂ ಮುಖಕ್ಕೆ ಮುಖ ಕೊಟ್ಟು ಕುಳಿತೆವು. ಟಪ್ ಎನ್ನುವ ಹೊತ್ತು ಬಂತು, ಹೋಯಿತು. ಯಂತ್ರ ನಿಲ್ಲಲಿಲ್ಲ, ಫ್ಯಾನ್ ಮಾತ್ರ ಜೋರಾಗಿ ಬುಸುಗುಟ್ಟುತ್ತಿತ್ತು. ಓಡದಿದ್ದರೆ ಅವಳಿಗೆ ಅಷ್ಟು ಬೇಸರ ಆಗುತ್ತಿರಲಿಲ್ಲವೋ ಏನೋ. ಓಡಿತೆಂದೇ ಅವಳು ಕುಗ್ಗಿಹೋದಳು.

"ಈ ಮದುವೆ ಹೇಗೋ ಆಗ್ತದೆ," ಎಂದ ಅವನು, ಮೈಕ್ ಹಿಡಿದವರ ಧ್ವನಿಯಲ್ಲಿ. "ಆದರೆ ಮಾತು ಎಂತ ಇತ್ತು? ನೀನು ಸರಿಯಾಗಿ ಮಾಡಿ ಕೊಡುವುದು ಅಂತ. ನೀನು ಕಟ್ಟಿದ್ದು ಓಡಲಿಲ್ಲ, ನಾನು ತಿರುಗಿಸಿದ ಮೇಲೆ ಓಡಿತು. ಒಂದು ಫ್ಯಾನ್ ಯಾವ ಕಡೆ ಇಡುವುದು ಅಂತ ಗೊತ್ತಿಲ್ಲದವಳು ಇದನ್ನೇ ನಂಬಿ ಹೇಗೆ ಬದುಕುವುದು? ಇದು ಮುಗಿಸು, ಸೊಸೈಟಿಗೆ ಹೋಗು. ನಾನು ಮಾತಾಡಿ ಆಗಿದೆ."

"ಮಾವ ಹೇಳುವುದು ನಿನ್ನ ಒಳ್ಳೆಯದಕ್ಕೇ," ಎಂದಳು ಅವಳ ಅಮ್ಮ.

ಹುಡುಗಿ ಆಯಿತೆಂದು ತಲೆ ಆಡಿಸಿದಳು. ಮಾತು ಕೊಟ್ಟವಳಲ್ಲವಾ.

ನಾನು ಎದ್ದೆ. ಮೊಣಕಾಲು ಹಿಡಿದುಕೊಂಡು ಒಳಗೆ ಹೋಗಿ ಅಕ್ಕಿ ಡಬ್ಬ ಸರಿಸಿದೆ. ಅವನಿಗೆ ಡಬ್ಬದ ಶಬ್ದ ಕೇಳಿತು.

"ಅಮ್ಮ, ಎಂತ ಬೇಕಿತ್ತು? ಕೂರಿ, ನಾನು ತಂದು ಕೊಡ್ತೇನೆ."

"ನೀನು ತರುವುದಿಲ್ಲ ಮಾರಾಯ."

ಶಾಲು ತಂದು ಚಾವಡಿಯ ನಡುವೆ ಬಿಡಿಸಿ ಹಾಕಿದೆ, ವೃತ್ತ ಮೇಲೆ ಬರುವ ಹಾಗೆ.

"ಇದು ಇವಳ ಪೆಟ್ಟಿಗೆಯ ಅಡಿಗೆ ಅಂಟಿಕೊಂಡಿತ್ತು. ಇವನು ಎತ್ತುವಾಗ ಕಿತ್ತು ಬಂದದ್ದು. ನನ್ನ ಎದುರೇ ಮಡಚಿ ಅಕ್ಕಿ ಡಬ್ಬದ ಹಿಂದೆ ಇಟ್ಟ. ಮತ್ತೆ ಫ್ಯಾನ್ ತಿರುಗಿಸಿದ."

ನನ್ನ ಮಗಳು ಮೊದಲು ನೋಡಿದ್ದು ಧೂಳನ್ನಲ್ಲ, "ಅಯ್ಯೋ, ಶಾಲು ಹಾಳಾಯಿತಲ್ಲ" ಎಂದಳು. ಅವಳ ಬುದ್ಧಿ ಅಷ್ಟೇ. ಆಮೇಲೆ ನಿಧಾನವಾಗಿ ಬಾಯಿಗೆ ಸೆರಗು ಹೋಯಿತು. "ನಾನು ಒಳ್ಳೆಯದಕ್ಕೆ ಹಾಸಿದ್ದು..."

ಮೊಮ್ಮಗಳು ಶಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು. ವೃತ್ತದ ಮೇಲೆ ಬೆರಳು ಎಳೆದಳು, ಬೆರಳು ಕಪ್ಪಾಯಿತು. ನಗು ಬಂತು ಅವಳಿಗೆ. ಮೊದಲು ಸಣ್ಣಗೆ, ಮತ್ತೆ ಹೊಟ್ಟೆ ಹಿಡಿದುಕೊಂಡು.

"ಅಡಿಯಲ್ಲಿ ಗಾಳಿಗೆ ದಾರಿ ಇರಬೇಕು ಅಂತ ನಾನೇ ಹೇಳಿದ್ದು ಅಜ್ಜಿ! ನಾನೇ!"

"ಹೌದು. ಹೇಳಿ ಶಾಲಿನ ಮೇಲೆಯೇ ಕೂರಲು ಬಿಟ್ಟದ್ದು. ನಿನಗೂ ಕಣ್ಣಿಲ್ಲ," ಎಂದೆ.

"ಫ್ಯಾನ್ ಮೇಲೆ ಮಾಡಿದ್ದರಿಂದಲೂ ಸರಿಯಾಯಿತಲ್ಲ," ಎಂದ ನನ್ನ ಮಗ. ಕಿವಿ ಮತ್ತೆ ಕೆಂಪಾಗಿತ್ತು.

"ಆಗಿರಬಹುದು ಮಾವ. ಶಾಲು ತೆಗೆದದ್ದರಿಂದಲೂ ಆಗಿರಬಹುದು. ಯಾವುದರಿಂದ ಅಂತ ಈಗ ನೋಡುವ."

ಅವಳು ಓಡುತ್ತಿದ್ದ ರೆಂಡರನ್ನು ನಿಲ್ಲಿಸಿಬಿಟ್ಟಳು. ಅವಳ ಅಮ್ಮ ಬೊಬ್ಬೆ ಹೊಡೆದಳು. ನಾನೂ ಬೈದೆ. ಹೊಟ್ಟೆಗೆ ಬೇಕಾದ ಕೆಲಸ ನಡೆಯುತ್ತಿರುವಾಗ ಹಟಕ್ಕೆ ನಿಲ್ಲಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

"ಓಡ್ತಾ ಉಂಟಲ್ಲ, ಓಡಲಿ! ಕೊಟ್ಟ ಮೇಲೆ ಎಂತ ಬೇಕಾದರೂ ತಿರುಗಿಸು."

"ಇಲ್ಲ ಅಜ್ಜಿ. ಹೀಗೆ ಕೊಟ್ಟರೆ ಇದು ಮಾವ ಕೊಟ್ಟದ್ದು ಆಗ್ತದೆ. ನಾನು ಕಟ್ಟಿದ ಹಾಗೆಯೇ ಓಡಿಸಿ ಕೊಡಬೇಕು. ಓಡದಿದ್ದರೆ ಸೊಸೈಟಿಗೆ ಹೋಗ್ತೇನೆ, ಬಾಯಿ ಬಿಡುವುದಿಲ್ಲ."

ಹಟ ಯಾರಿಂದ ಬಂತು ಎಂದು ಕೇಳಲು ಅದು ಸಮಯ ಅಲ್ಲ.

ಅವಳು ಸ್ಕ್ರೂ ಬಿಚ್ಚಿದಳು. ಡಬ್ಬ ಹೊರಗೆ ತೆಗೆದು ಜರಿಯ ಎಳೆಗಳನ್ನು ಜಾಲಿಯಿಂದ ಒಂದೊಂದಾಗಿ ಹೆಕ್ಕಿದಳು. ಜಾಲಿಯ ಒಳಬದಿಯಲ್ಲಿ ಧೂಳು ಸೋಸುವ ಬಲೆ ಒಂದಿತ್ತು, ಅದನ್ನು ತೊಳೆದು ಬಿಸಿಲಿಗೆ ಹಿಡಿದಳು. ಫ್ಯಾನ್ ಕೆಳಗೆ ಮಾಡಿ ಮತ್ತೆ ಕೂರಿಸಿ, ಬರಿಯ ಮಣೆಯ ಮೇಲೆ ಎರಡು ಮರದ ಪಟ್ಟಿ ಇಟ್ಟು ಅದರ ಮೇಲೆ ಪೆಟ್ಟಿಗೆ ಇಟ್ಟಳು. ನೆಲಕ್ಕೆ ಕೆನ್ನೆ ತಾಗಿಸಿ ಅಡಿಯಲ್ಲಿ ನೋಡಿದಳು. ಈ ಕಡೆಯಿಂದ ಆ ಕಡೆಗೆ ಬೆಳಕು ಕಾಣುತ್ತಿತ್ತು. ಅಷ್ಟು ದಿನದ ಮೇಲೆ ಕೊನೆಗೂ ಬಗ್ಗಿದಳು.

ಮತ್ತೆ ಮೊದಲಿಂದ ರೆಂಡರ್. ನನ್ನ ಮಗ ಹೋಗಲಿಲ್ಲ. ಟಪ್ ಎನ್ನಬಹುದೆಂದು ಕಾದು ಕುಳಿತ. ಅವನ ಅಕ್ಕ ಅವನಿಗೆ ಚಾ ಕೊಟ್ಟಳು, ಎರಡನೆಯ ಸಲವೂ ಕೊಟ್ಟಳು. ಯಂತ್ರ ಬುಸುಗುಟ್ಟಲಿಲ್ಲ, ಸಣ್ಣಗೆ ಗುನುಗುತ್ತಿತ್ತು. ನಾನು ಅದರ ಹಿಂದೆ ಕೈ ಹಿಡಿದು ನೋಡಿದೆ, ಬಿಸಿ ಗಾಳಿ ಹೊರಗೆ ಬರುತ್ತಿತ್ತು. ಪರದೆಯಲ್ಲಿ ಒಂದು ಹಸಿರು ಗೆರೆ ಉದ್ದವಾಗುತ್ತಾ ಹೋಯಿತು. ಕೊನೆಗೆ ಅದು ಈ ತುದಿಯಿಂದ ಆ ತುದಿಗೆ ಮುಟ್ಟಿ ನಿಂತಿತು. ತೋಡಾರಿನ ಮದುಮಗಳು ಗದ್ದೆಯ ಬದಿಯಲ್ಲಿ ತಿರುಗಿ ನೋಡಿ ನಕ್ಕಳು. ನಗಲಿ, ನಮಗೇನು.

ಅವನು ಬೈಕಿನ ಕೀ ಹುಡುಕುತ್ತಾ ಎದ್ದ. "ಆಯ್ತು, ಹೇಗೋ ಆಯ್ತಲ್ಲ," ಎಂದ. ಹೇಗೋ ಅಂತೆ.

ಮರುದಿನ ಹುಡುಗಿ ಪೆನ್‌ಡ್ರೈವ್ ಹಿಡಿದು ಮತ್ತೆ ಮೂಡಬಿದ್ರೆಗೆ ಹೋದಳು. ಸ್ಟುಡಿಯೋದವನು ಮೊದಲಿಂದ ಕೊನೆಯವರೆಗೆ ನೋಡಿ, "ಹಾಡು ಸ್ವಲ್ಪ ಜಾಸ್ತಿ ಆಯ್ತು" ಎಂದನಂತೆ. ಮತ್ತೆ ಬೆಳ್ತಂಗಡಿಯಲ್ಲಿ ಆದ ಇನ್ನೊಂದು ಮದುವೆಯನ್ನು ತುಂಬಿಸಿ ಕೈಗೆ ಕೊಟ್ಟನಂತೆ. ಹೊಗಳಲಿಲ್ಲ. ಕೆಲಸ ಕೊಡುವವರು ಹೊಗಳುವುದಿಲ್ಲ, ಹೊಗಳುವವರು ಶಾಲು ಮಾತ್ರ ಕೊಡುತ್ತಾರೆ.

ಸೊಸೈಟಿಯವರಿಗೆ ನನ್ನ ಮಗನೇ ಫೋನ್ ಮಾಡಿದ. ನನ್ನ ಎದುರು ಮಾಡಲಿಲ್ಲ, ಅಂಗಳಕ್ಕೆ ಹೋಗಿ ಮಾಡಿದ. ಆದರೂ ಕೇಳಿತು. "ನಮ್ಮ ಹುಡುಗಿಗೆ ಪುರುಸೊತ್ತಿಲ್ಲ ಮಾರಾಯ್ರೆ, ಮನೆಯಲ್ಲಿಯೇ ದೊಡ್ಡ ಕೆಲಸ ಉಂಟು. ನಾನೇ ಬೇಡ ಅಂದೆ." ಈಗ ಹೋದಲ್ಲೆಲ್ಲ ಪವರ್ ಸಪ್ಲೈ ಕೆಳಮುಖ ಇಡುವುದೇ ಸರಿ ಎಂದು ಜನರಿಗೆ ಹೇಳುತ್ತಾನಂತೆ. ಮರುಭೂಮಿಯಲ್ಲಿ ಕಲಿತದ್ದಂತೆ.

ಮೊನ್ನೆ ಅವನಿಗೆ ಇನ್ನೊಂದು ಸನ್ಮಾನ ಆಯಿತು. ಹೊಸ ಶಾಲು ಹಿಡಿದು ಬಂದ, ನೀಲಿಯದ್ದು. ನನ್ನ ಮಗಳು ಎರಡೂ ಕೈಯಲ್ಲಿ ತೆಗೆದುಕೊಂಡು ಅಭ್ಯಾಸಕ್ಕೆ ಕಂಪ್ಯೂಟರಿನ ಕಡೆ ಎರಡು ಹೆಜ್ಜೆ ಇಟ್ಟಳು. ಕುರ್ಚಿಯಲ್ಲಿ ಕುಳಿತಿದ್ದ ಹುಡುಗಿ ತಿರುಗಿಯೂ ನೋಡದೆ "ಅಮ್ಮ" ಎಂದಳು, ಅಷ್ಟೇ. ನನ್ನ ಮಗಳು ಅಲ್ಲಿಂದಲೇ ತಿರುಗಿ ಅದನ್ನು ಅಕ್ಕಿ ಡಬ್ಬಕ್ಕೆ ಹೊದಿಸಿದಳು.

"ಆ ಕೆಂಪು ಶಾಲು ತೊಳೆದಿರಾ ಅಮ್ಮ?" ಎಂದು ಅವನು ನನ್ನನ್ನು ಕೇಳಿದ.

"ಇಲ್ಲ."

"ಮತ್ತೆ ಎಲ್ಲಿ ಉಂಟು?"

ನಾನು ಜಗಲಿಯ ಸಿಮೆಂಟಿನ ಕಟ್ಟೆಯಲ್ಲಿ ಕುಳಿತಿದ್ದೆ. ಸ್ವಲ್ಪ ಸರಿದು ತೋರಿಸಿದೆ. ಮಡಚಿದರೆ ದಪ್ಪವಾಗುತ್ತದೆ, ನನ್ನ ಸೊಂಟಕ್ಕೆ ಒಳ್ಳೆಯದು. ನನಗೆ ಅಡಿಯಿಂದ ಗಾಳಿ ಬೇಕಾಗಿಲ್ಲ.